ನಾನು ಸುಟ್ಟ ಹಕ್ಕಾ ಕತೆಗಳು

ಹಕ್ಕಾ ಎಂದರೆ ನನಗೆ ಗೊತ್ತಿದ್ದದ್ದು ನೂಡಲ್ಸ್ ಒಂದೇ. ಅದು ಒಂದು ಜನದ ಹೆಸರು, ಆ ಜನಕ್ಕೆ ತನ್ನದೇ ಒಂದು ಮಾತು ಇದೆ, ಆ ಜನದ ಒಬ್ಬ ಕತೆಗಾರ್ತಿ ಬಹರೈನಿನ ರಿಫಾದಲ್ಲಿ, ಬ್ಯೂಟಿ ಪಾರ್ಲರೊಂದರ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಮೇಲೆ ಅವರ ಮೂವತ್ತು ವರ್ಷದ ಕೆಲಸವನ್ನು ಕೈಯಾರೆ ಸುಟ್ಟೆ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಚಂದಮಾಡಿ ಹೇಳುವುದು ಸರಿಯಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ನಾನು ಸಲ್ಮಾಬಾದಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುವವಳು. ನಮ್ಮ ಎರಡೂ ಪಕ್ಕ ಗ್ಯಾರೇಜುಗಳು, ಹಿಂದೆ ಟೈಲ್ಸಿನ ಗೋದಾಮು. ಹೋಟೆಲಿನ ಮೆನು, ಖರ್ಜೂರದ ಡಬ್ಬಿಯ ಲೇಬಲ್, ಮದುವೆಯ ಕಾರ್ಡು, ಏನು ಬಂದರೂ ಮಾಡಿಕೊಡುತ್ತೇವೆ. ಮನೆಯಲ್ಲಿ ತುಳು, ಪ್ರೆಸ್ಸಿನಲ್ಲಿ ಹಿಂದಿ, ಗಿರಾಕಿಗಳ ಹತ್ತಿರ ಇಂಗ್ಲಿಷು. ಬರೆಯಬೇಕು ಅನ್ನಿಸಿದರೆ ಮಾತ್ರ ಕನ್ನಡ. ಗಂಡ ಎ.ಸಿ. ರಿಪೇರಿ ಮಾಡುತ್ತಾರೆ. ಬುಸೈತೀನಿನಲ್ಲಿ ಒಂದು ಚಿಕ್ಕ ಫ್ಲ್ಯಾಟು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರ ದೂರು. ಸುಳ್ಳಲ್ಲ.

ಆ ಪಾರ್ಲರಿಗೆ ನಾನು ಹೋದದ್ದು ಹುಬ್ಬು ತಿದ್ದಿಸಿಕೊಳ್ಳಲಿಕ್ಕಲ್ಲ. ಅವರ ರೇಟ್ ಕಾರ್ಡಿನ ಪ್ರೂಫ್ ತೋರಿಸಬೇಕಿತ್ತು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ಹಾಗಾಗಿ ನಮ್ಮ ಮುದೀರರು, ಎಂದರೆ ಮ್ಯಾನೇಜರರು, ನನ್ನನ್ನು ಕಳಿಸಿದರು. ಗಾಜಿನ ಬಾಗಿಲಿನ ಹಿಂದಿನ ದಪ್ಪ ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಫ್ಯಾನಿನ ಗಾಳಿಗೆ ಒಂದು ಪ್ರೂಫ್ ಹಾಳೆ ನನ್ನ ಕೈಯಿಂದ ಜಾರಿ ನನ್ನದೇ ಕಾಲಿನ ಕೆಳಗೆ ಬಂತು. ಬಗ್ಗಿ ಎತ್ತಿ, ಮುಟ್ಟಿ ಕಣ್ಣಿಗೊತ್ತಿಕೊಂಡೆ. ಯೋಚಿಸಿ ಮಾಡಿದ್ದಲ್ಲ, ಚಿಕ್ಕಂದಿನಿಂದ ಬಂದದ್ದು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬರು ಅದನ್ನು ನೋಡಿದರು.

"ಬೇಟಿ, ಅದೇನು ಮಾಡಿದಿ ಈಗ?" ಎಂದು ಹಿಂದಿಯಲ್ಲಿ ಕೇಳಿದರು.

ಅವರ ಮುಖ ಚೀನೀಯರದ್ದು, ಹಿಂದಿ ಕೋಲ್ಕತ್ತಾದ್ದು. ಅವರ ಮಾತನ್ನು ಇಲ್ಲಿ ನನ್ನ ಊರಿನ ಕನ್ನಡಕ್ಕೇ ಹಾಕಿ ಬರೆಯುತ್ತಿದ್ದೇನೆ, ಬೇರೆ ದಾರಿ ನನಗೆ ಗೊತ್ತಿಲ್ಲ.

"ಅಕ್ಷರ ಅಲ್ವಾ ಆಂಟಿ. ಕಾಲು ತಾಗಿದ್ರೆ ಸರಸ್ವತಿಗೆ ತಾಗಿದ ಹಾಗೆ," ಎಂದೆ.

ಅವರು ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಟವೆಲುಗಳನ್ನು ಎತ್ತಿಟ್ಟು ನನಗೆ ಜಾಗ ಮಾಡಿಕೊಟ್ಟರು. ಪಾರ್ಲರ್ ಅವರ ಮಗಳದ್ದು. ಅವಳು ಯಾರದೋ ಕೂದಲಿಗೆ ಬಣ್ಣ ಹಚ್ಚುತ್ತಿದ್ದವಳು ತಿರುಗಿ, "ನಿಮಗಿನ್ನು ಬಿಡುಗಡೆ ಇಲ್ಲ. ಅಮ್ಮನಿಗೆ ಒಬ್ಬರು ಸಿಕ್ಕಿದ ಹಾಗಾಯ್ತು," ಎಂದು ನಕ್ಕಳು.

ನೀವು ಚೀನಾದವರಾ ಎಂದು ನಾನು ಕೇಳಿದೆ. ಕೋಲ್ಕತ್ತಾದವಳು, ಹಕ್ಕಾ, ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಓ, ನೂಡಲ್ಸ್," ಎಂದೆ.

"ನೂಡಲ್ಸ್ ಅಲ್ಲ, ಮನುಷ್ಯರು," ಎಂದರು ಅವರು, ಸ್ವಲ್ಪವೂ ಬೇಸರವಿಲ್ಲದೆ. ಎಷ್ಟು ಜನಕ್ಕೆ ಆ ಉತ್ತರ ಕೊಟ್ಟು ಅಭ್ಯಾಸವಾಗಿತ್ತೋ. ನನಗೆ ನಾಚಿಕೆಯಾಯಿತು.

ಅವರು ಕೂರಿಸಿಕೊಂಡದ್ದು ಬೇರೆ ಕಾರಣಕ್ಕೆ. ಅವರ ಜನದಲ್ಲಿ ಬರೆದ ಕಾಗದವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಕೋಲ್ಕತ್ತಾದಲ್ಲಿ ಅವರ ಕೇರಿಯ ದೇವಸ್ಥಾನದ ಅಂಗಳದಲ್ಲಿ ಕಾಗದ ಸುಡಲಿಕ್ಕೆಂದೇ ಇಟ್ಟಿಗೆಯ ಒಂದು ಸಣ್ಣ ಗೂಡು ಇತ್ತಂತೆ. ಒಬ್ಬ ಮುದುಕ ಬುಟ್ಟಿ ಹೊತ್ತುಕೊಂಡು ಮನೆಮನೆಗೆ ಬಂದು ಹಳೆಯ ಪತ್ರ, ಹರಿದ ಪುಸ್ತಕ, ಮಕ್ಕಳ ಕಾಪಿ ಎಲ್ಲ ಸಂಗ್ರಹಿಸಿ ಆ ಗೂಡಿನಲ್ಲಿ ಸುಟ್ಟು ಬೂದಿಯನ್ನು ನದಿಗೆ ಬಿಡುತ್ತಿದ್ದನಂತೆ. ಬಹರೈನಿನಲ್ಲಿ ಗೂಡೂ ಇಲ್ಲ, ನದಿಯೂ ಇಲ್ಲ. ಫ್ಲ್ಯಾಟಿನಲ್ಲಿ ಒಮ್ಮೆ ಬಾತ್‌ರೂಮಿನಲ್ಲಿ ಸುಡಲು ಹೋಗಿ ಇಡೀ ಬಿಲ್ಡಿಂಗಿನ ಅಲಾರಂ ಹೊಡೆದುಕೊಂಡಿತ್ತು. ಅಂದಿನಿಂದ ಬೇಡದ ಕಾಗದಗಳೆಲ್ಲ ಒಂದು ಸೂಟ್‌ಕೇಸಿನಲ್ಲಿ. ಸೂಟ್‌ಕೇಸು ತುಂಬಿ ಮುಚ್ಚಳ ಹಾಕಲಾಗುತ್ತಿರಲಿಲ್ಲ.

"ನೀನು ಸಮುದ್ರದ ಹತ್ತಿರ ಇರೋದಾ?" ಎಂದು ಕೇಳಿದರು. ಹೌದೆಂದೆ. ಅಲ್ಲಿಗೆ ನನಗೊಂದು ಕೆಲಸ ಗಂಟುಬಿತ್ತು.

ಚಳಿಗಾಲದಲ್ಲಿ ನಮ್ಮ ಕಡೆಯ ನಾಲ್ಕಾರು ಸಂಸಾರಗಳು ಶುಕ್ರವಾರ ಸಂಜೆ ಬುಸೈತೀನಿನ ಕಡಲ ದಂಡೆಗೆ ಹೋಗಿ ಕೆಂಡದಲ್ಲಿ ಕೋಳಿ, ಮೀನು ಸುಡುವುದು ವಾಡಿಕೆ. ನಾನು ಆಂಟಿಯ ಕಾಗದಕ್ಕೆಂದೇ ಒಂದು ಕಬ್ಬಿಣದ ಬಾಣಲೆ ಇಟ್ಟುಕೊಂಡೆ. ಕೋಳಿಯ ಒಲೆಯಲ್ಲಿ ಅಕ್ಷರ ಸುಡಲು ನನಗೇ ಮನಸ್ಸಾಗಲಿಲ್ಲ. ಒಂದೊಂದೇ ಹಾಳೆ ಹಾಕಿ, ಪೂರ್ತಿ ಬೂದಿಯಾದ ಮೇಲೆ ಹಾಲಿನ ಪುಡಿಯ ಡಬ್ಬಕ್ಕೆ ತುಂಬಿ, ನೀರಿಗಿಳಿದು ಬಿಟ್ಟು ಬರುತ್ತಿದ್ದೆ. ಗಂಡ ದೂರದಿಂದ, "ಹೋಮ ಆಯ್ತಾ ಮಾರಾಯ್ತಿ? ಇನ್ನು ಕೋಳಿ ಹಾಕ್ಲಾ?" ಎಂದು ಕೂಗುತ್ತಿದ್ದರು. ಸೋಮವಾರವೋ ಮಂಗಳವಾರವೋ ಪಾರ್ಲರಿಗೆ ಹೋಗಿ, ಆಯಿತು ಆಂಟಿ, ಸಮುದ್ರಕ್ಕೆ ಬಿಟ್ಟೆ ಎಂದರೆ ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಖಾಲಿ ಡಬ್ಬದಲ್ಲಿ ಏನಾದರೂ ತಿಂಡಿ ತುಂಬಿ ಕಳಿಸುತ್ತಿದ್ದರು.

ನಾನು ಸುಡುತ್ತಿದ್ದದ್ದು ಏನೆಂದು ತಿಳಿಯಲು ತಿಂಗಳುಗಳೇ ಹಿಡಿದವು. ಬರೀ ಬಿಲ್ಲು, ಪತ್ರ, ಕ್ಯಾಲೆಂಡರು ಅಂದುಕೊಂಡಿದ್ದೆ. ಒಂದು ದಿನ ಮಗಳು, "ಅಮ್ಮ ಕತೆ ಬರೀತಿದ್ರು. ಪೇಪರಿನಲ್ಲೆಲ್ಲ ಬರ್ತಿತ್ತು. ನಾನು ಒಂದೂ ಓದ್ಲಿಲ್ಲ, ನಂಗೆ ಚೀನೀ ಅಕ್ಷರ ಬರುದಿಲ್ಲ," ಎಂದಳು. ಅವಳು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ತಪ್ಪು ಅವಳದೆಂದು ನಾನು ಹೇಳಲಾರೆ. ನನ್ನ ಅಣ್ಣನ ಮಕ್ಕಳು ದುಬೈಯಲ್ಲಿದ್ದಾರೆ, ನಾನು ಬರೆದ ಕನ್ನಡ ಅವರಿಗೂ ಚೀನೀ ಅಕ್ಷರವೇ.

ಆಂಟಿಯ ಅಪ್ಪ ಕೋಲ್ಕತ್ತಾದ ಚರ್ಮ ಹದಮಾಡುವವರ ಕೇರಿಯಲ್ಲಿ ಚೀನೀ ಶಾಲೆಯ ಮೇಷ್ಟರು. ಸುತ್ತ ಹಸಿ ಚರ್ಮದ ವಾಸನೆ, ನಡುವೆ ಬ್ರಷ್ಷಿನಲ್ಲಿ ನೆಟ್ಟಗೆ ಅಕ್ಷರ ಬರೆಸುವ ಅಪ್ಪ. ಮಾತು ಹಕ್ಕಾ, ಬರೆಯುವುದು ಪುಸ್ತಕದ ಚೀನೀ ಭಾಷೆ. ನಿಮ್ಮ ತುಳು-ಕನ್ನಡದ ಹಾಗೇ ಅಲ್ವಾ ಎಂದು ಅವರೇ ಒಮ್ಮೆ ಹೇಳಿದರು. ಚೀನಾದ ಜೊತೆ ಯುದ್ಧವಾದ ವರ್ಷ ಅವರಿಗೆ ಹದಿಮೂರೋ ಹದಿನಾಲ್ಕೋ. ಪೊಲೀಸರು ಬರುತ್ತಾರೆಂಬ ಹೆದರಿಕೆಯಲ್ಲಿ ಅಮ್ಮ ಮನೆಯ ಕಾಗದಗಳನ್ನೆಲ್ಲ ಅಡುಗೆಯ ಒಲೆಗೆ ತುರುಕಿದರಂತೆ. ಅಪ್ಪ ನೋಡುತ್ತ ನಿಂತಿದ್ದರಂತೆ. "ಆ ಬೂದಿ ನದಿಗೆ ಹೋಗ್ಲಿಲ್ಲ ಬೇಟಿ, ಚರಂಡಿಗೆ ಹೋಯ್ತು," ಎಂದು ಅವರು ಹೇಳುವಾಗ ಬೆರಳುಗಳು ಟವೆಲಿನ ಅಂಚನ್ನು ಮಡಚುತ್ತಲೇ ಇದ್ದವು.

ಮದುವೆಗೆ ಮುಂಚೆ, ಮದುವೆಯಾದ ಮೇಲೂ ಒಂದಷ್ಟು ವರ್ಷ ಅವರು ಅಲ್ಲಿಯ ಚೀನೀ ಪತ್ರಿಕೆಗೆ ಕತೆ ಬರೆದರು, ಗಂಡಸಿನದೊಂದು ಹೆಸರಿಟ್ಟುಕೊಂಡು. ಕೇರಿಯವರು ಆ ಗಂಡಸು ಯಾರಿರಬಹುದೆಂದು ಚರ್ಚೆ ಮಾಡುವಾಗ ಇವರು ಅಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದರು. ಆಮೇಲೆ ಓದುವವರು ಒಬ್ಬೊಬ್ಬರಾಗಿ ಕೆನಡಾಕ್ಕೆ ಹೋದರು, ಪತ್ರಿಕೆ ನಿಂತಿತು. ಅಚ್ಚಾದ ಪ್ರತಿಗಳು ಮಳೆಗಾಲದ ಒಂದು ನೆರೆಯಲ್ಲಿ ಹೋದವು. ಉಳಿದದ್ದು ಹನ್ನೆರಡು ಕತೆಗಳು, ಅವರ ಕೈಬರಹದಲ್ಲಿ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇಲ್ಲಿಗೆ ಬರುವಾಗ ಅದನ್ನು ಕೈಚೀಲದಲ್ಲೇ ತಂದಿದ್ದರು.

ಈಗ ಆ ಕತೆಗಳನ್ನು ಅವರಿಗೂ ಓದಲಾಗುತ್ತಿರಲಿಲ್ಲ. ಕಣ್ಣಿನ ನಡುಭಾಗವೇ ಮಬ್ಬಾಗುವ ಕಾಯಿಲೆ. ಅಂಚಿನಿಂದ ಬಾಗಿಲು ಕಾಣುತ್ತದೆ, ನೇರ ನೋಡಿದರೆ ಎದುರಿನವರ ಮುಖವಿಲ್ಲ. ಭೂತಗನ್ನಡಿ ಹಿಡಿದು ಪುಟವನ್ನು ಮೂಗಿಗೆ ತಂದರೆ ಒಂದೊಂದೇ ಅಕ್ಷರ ಸಿಗುತ್ತಿತ್ತು. ಬರೆಯುವುದಂತೂ ಮುಗಿದೇ ಹೋಗಿತ್ತು. ಅಷ್ಟರಲ್ಲಿ ಟೊರೊಂಟೋಕ್ಕೆ ಹೋಗುವ ಕಾಗದಪತ್ರ ಮಗಳ ಕೈಗೆ ಬಂತು. ಚಳಿಗಾಲ ಮುಗಿಯುವುದರೊಳಗೆ ಪಾರ್ಲರ್ ಬೇರೆಯವರಿಗೆ ವಹಿಸಿ ಹೊರಡುವುದೆಂದು ನಿಶ್ಚಯವಾಯಿತು. ಅಲ್ಲಿ ಅವರ ಕೇರಿಯ ಜನರಿದ್ದಾರೆ, ಓದಬಲ್ಲ ಮುದುಕಿಯರು ಇನ್ನೂ ಕೆಲವರಿದ್ದಾರೆ. ಬರಿಗೈಯಲ್ಲಿ ಹೋಗಲು ಆಂಟಿಗೆ ಇಷ್ಟವಿರಲಿಲ್ಲ. ಒಂದು ಪುಸ್ತಕ ಕೊಂಡೊಯ್ಯಬೇಕು, ಆ ಗಂಡಸು ನಾನೇ ಎಂದು ಹೇಳಬೇಕು. ಅವರು ಬೇರೇನನ್ನೂ ಕೇಳಿದವರಲ್ಲ.

ಉಪಾಯ ನನ್ನದೇ. ನಮ್ಮ ಪ್ರೆಸ್ಸಿನಲ್ಲಿ ಚೀನೀ ಟೈಪು ಮಾಡುವವರಿಲ್ಲ, ಆದರೆ ಕೈಬರಹವನ್ನೇ ಸ್ಕ್ಯಾನ್ ಮಾಡಿ ಹಾಗೆಯೇ ಅಚ್ಚು ಹಾಕಬಹುದಲ್ಲ. ದೊಡ್ಡ ಕೆಲಸಗಳಲ್ಲಿ ಕತ್ತರಿಸಿ ಉಳಿದ ಕಾಗದ ಬಳಸಿಕೋ ಎಂದು ಮುದೀರರೂ ಒಪ್ಪಿದರು. ಐವತ್ತು ಪ್ರತಿ. ಆಂಟಿಗೆ ಹೇಳಿದಾಗ ಅವರು ಎದ್ದು ಹೋಗಿ ನನಗೆ ಒಂದು ಲೋಟ ಚಹಾ ಮಾಡಿ ತಂದರು. ಕಣ್ಣು ಕಾಣದವರು ಬಿಸಿ ಚಹಾ ಹೊತ್ತು ತರುವುದನ್ನು ನೋಡುತ್ತ ಮಗಳೂ ನಾನೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಮುಂದಿನ ವಾರ ಅವರು ಕೋಲ್ಡ್ ಸ್ಟೋರಿನ, ಎಂದರೆ ಇಲ್ಲಿಯ ದಿನಸಿ ಅಂಗಡಿಯ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಪುಸ್ತಕಗಳನ್ನು ಕೊಟ್ಟರು. ಎರಡೂ ಒಂದೇ ಬಗೆಯ ಕಪ್ಪು ರಟ್ಟಿನ ಉದ್ದ ಪುಸ್ತಕಗಳು, ಎರಡರಲ್ಲೂ ಅದೇ ಹನ್ನೆರಡು ಕತೆಗಳು.

"ಒಂದು ಬೆಂಕಿಗೆ, ಒಂದು ಪ್ರೆಸ್ಸಿಗೆ," ಎಂದರು. "ನೋಡಿದ್ರೆ ನಿಂಗೇ ಗೊತ್ತಾಗ್ತದೆ."

ಗೊತ್ತಾಯಿತು. ಹನ್ನೆರಡು ವರ್ಷ ಪ್ರೆಸ್ಸಿನಲ್ಲಿ ಕಳೆದವಳಿಗೆ ಗೊತ್ತಾಗದೆ ಇರುತ್ತದೆಯೇ. ಒಂದು ಪುಸ್ತಕದ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ. ಅಂಚು ಬಿಟ್ಟು, ಸಾಲು ಹಿಡಿದು, ಒಂದೇ ಒಂದು ಕಲೆಯಿಲ್ಲದೆ ಬರೆದದ್ದು. ಇನ್ನೊಂದು ನೋಡಲಾಗುತ್ತಿರಲಿಲ್ಲ. ಸಾಲುಸಾಲು ಹೊಡೆದು ಹಾಕಿದ್ದು, ಮೇಲೆ ಬೇರೆ ಶಾಯಿಯಲ್ಲಿ ಬರೆದದ್ದು, ಅದನ್ನೂ ಹೊಡೆದದ್ದು, ಅಂಚಿನಲ್ಲಿ ಬಾಣದ ಗುರುತು, ಕೆಲವು ಕಡೆ ಚೀಟಿ ಅಂಟಿಸಿ ಅದರ ಮೇಲೆ ಮತ್ತೆ ಚೀಟಿ. ನಮ್ಮ ಕಸುಬಿನಲ್ಲಿ ಚೊಕ್ಕ ಪ್ರತಿ ಅಚ್ಚಿಗೆ, ಗೀಚಿದ ಪ್ರತಿ ವೇಸ್ಟಿಗೆ. ಯಾವುದು ಯಾವುದಕ್ಕೆ ಆಂಟಿ ಎಂಬ ಒಂದು ಮಾತು ಕೇಳಲು ನನ್ನ ಅಹಂಕಾರ ಬಿಡಲಿಲ್ಲ.

ಆ ಶುಕ್ರವಾರ ದಂಡೆಯಲ್ಲಿ ಗಾಳಿ ಹೆಚ್ಚಿತ್ತು. ಬಾಣಲೆಗೆ ಕಲ್ಲು ಆನಿಸಿ ಒಂದೊಂದೇ ಹಾಳೆ ಹರಿದು ಹಾಕುತ್ತಿದ್ದೆ. ಗಂಡ ಇದ್ದಿಲು ಕೇಳಲು ಬಂದವರು ಪುಸ್ತಕವನ್ನು ಕೈಗೆತ್ತಿಕೊಂಡು ಒಂದು ಪುಟ ತಿರುಗಿಸಿದರು.

"ಎಷ್ಟು ಕೆಲಸ ಮಾಡಿದ್ದಾರೆ ನೋಡು ಇದ್ರಲ್ಲಿ, ಪಾಪ. ಇದನ್ನಾ ಸುಡುದು?"

"ನಿಮಗೆ ಎ.ಸಿ. ಗೊತ್ತು, ಪ್ರೆಸ್ ಗೊತ್ತಿಲ್ಲ. ಇಲ್ಲಿ ಕೊಡಿ," ಎಂದು ಕಸಿದುಕೊಂಡೆ.

ಅಂಟಿಸಿದ ಚೀಟಿಯೊಂದು ಸುಲಭದಲ್ಲಿ ಹತ್ತಿಕೊಳ್ಳಲಿಲ್ಲ. ಇಕ್ಕುಳದಲ್ಲಿ ಒತ್ತಿ ಹಿಡಿದೆ. ಆ ಇಕ್ಕುಳವನ್ನು ಈಗಲೂ ಅಡುಗೆಮನೆಯಲ್ಲಿ ನೋಡಿದರೆ ನನಗೆ ಕೈ ಹೋಗುವುದಿಲ್ಲ.

ಹದಿನೈದು ದಿನಗಳಲ್ಲಿ ಪ್ರೂಫ್ ತಯಾರಾಯಿತು. ಅದನ್ನು ಹಿಡಿದುಕೊಂಡು ಪಾರ್ಲರಿಗೆ ಹೋದಾಗ ನನಗೆ ಹೆಮ್ಮೆಯೋ ಹೆಮ್ಮೆ. ಆಂಟಿ ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಮೊದಲ ಪುಟವನ್ನು ಮೂಗಿಗೆ ತಂದರು. ತುಂಬ ಹೊತ್ತು ಒಂದು ಸಾಲಿನಲ್ಲೇ ಇದ್ದರು. ಆಮೇಲೆ ಕೊನೆಯ ಪುಟಕ್ಕೆ ಹೋದರು, ನಡುವೆ ಎಲ್ಲೋ ತೆರೆದರು. ಭೂತಗನ್ನಡಿಯನ್ನು ತೊಡೆಯ ಮೇಲಿಟ್ಟರು.

"ಹುಡುಗಿ ಬರೆದದ್ದು," ಎಂದರು. "ಅಕ್ಷರ ಚೆನ್ನಾಗುಂಟು."

ನನಗೆ ಅರ್ಥವಾಗಲಿಲ್ಲ.

"ಇದು ನಂಗೆ ಇಪ್ಪತ್ತೈದು ಆಗಿದ್ದಾಗ ಬರೆದದ್ದು ಬೇಟಿ. ಅಪ್ಪ ಓದ್ತಾರೆ ಅಂತ ಚಂದ ಮಾಡಿ ಬರೆದೆ. ಮತ್ತೆ ಇನ್ನೊಂದು ಪುಸ್ತಕದಲ್ಲಿ ಇಳಿಸ್ಕೊಂಡು ಮೂವತ್ತು ವರ್ಷ ತಿದ್ದಿದೆ. ಅದೆಲ್ಲಿ?"

ನನ್ನ ಬಾಯಿ ತನ್ನಷ್ಟಕ್ಕೆ ಹೇಳಿತು: "ಪ್ರೆಸ್ಸಿನಲ್ಲುಂಟು ಆಂಟಿ. ತಪ್ಪಿ ಇದನ್ನು ಸ್ಕ್ಯಾನ್ ಮಾಡಿದ್ದು. ತರ್ತೇನೆ."

ಅವರು ನಿರಾಳವಾಗಿ ನಕ್ಕರು. ಆ ನಗುವನ್ನು ನೋಡಿಯೂ ನಾನು ನಿಜ ಹೇಳಲಿಲ್ಲ.

ಹತ್ತು ದಿನ ರಿಫಾದ ಕಡೆ ತಲೆಹಾಕಲಿಲ್ಲ. ಮಗಳು ಫೋನ್ ಮಾಡಿದರೆ ಕೆಲಸ ಜಾಸ್ತಿ ಎಂದೆ. ಪ್ರೆಸ್ಸಿನಲ್ಲಿ ಸುಮ್ಮಸುಮ್ಮನೆ ಜಗಳವಾಡಿದೆ. ಮನೆಯಲ್ಲಿ ಗಂಡ ಏನು ಕೇಳಿದರೂ ಸಿಡುಕಿದೆ. ಕಡೆಗೆ ಒಂದು ರಾತ್ರಿ ಅವರ ಹತ್ತಿರ ಎಲ್ಲ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಅವರು ಗಾಡಿಯಲ್ಲಿ ನನ್ನನ್ನು ಸಲ್ಮಾಬಾದಿಗೆ ಬಿಡುವಾಗ ಹೇಳಿದರು: "ಸುಟ್ಟದ್ದು ಗೊತ್ತಿಲ್ಲದೆ. ಅದಕ್ಕೆ ಕ್ಷಮೆ ಉಂಟು. ಆದ್ರೆ ಆ ಮುದುಕಿ ದಿನಾ ಬಾಗಿಲು ನೋಡ್ತಾ ಕೂತಿರ್ತದಲ್ಲ, ಅದು ನಿಂಗೆ ಗೊತ್ತಿದ್ದೇ ಮಾಡುದು." ನಾನು ತಿರುಗಿ ಜಗಳಕ್ಕೆ ನಿಲ್ಲಲಿಲ್ಲ. ಮಾತು ನೇರ ತಾಗಿತ್ತು. ಆ ದಿನ ಮಧ್ಯಾಹ್ನವೇ ಅರ್ಧ ದಿನ ರಜೆ ಹಾಕಿ ಹೋದೆ.

ಪಾರ್ಲರಿನಲ್ಲಿ ಗಿರಾಕಿಗಳಿರಲಿಲ್ಲ. ಆಂಟಿಯ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಎರಡು ಪುಸ್ತಕ, ನನ್ನ ಜಾಣತನ, ಬಾಣಲೆ, ಚೀಟಿ, ಇಕ್ಕುಳ, ಆಮೇಲಿನ ಸುಳ್ಳು. ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

ಆಂಟಿ ಗೋಡೆಯ ಕಡೆ ಮುಖ ತಿರುಗಿಸಿದರು. "ಮೂವತ್ತು ವರ್ಷ," ಎಂದರು. ಇನ್ನೊಮ್ಮೆ ಅದನ್ನೇ ಹೇಳಿದರು. ನನ್ನನ್ನು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಹೊರಗೆ ಅಂಗಡಿಯವನು ಶಟರ್ ಎಳೆದ ಸದ್ದು ಕೇಳಿಸಿತು, ಮಧ್ಯಾಹ್ನದ ವಿರಾಮದ ಹೊತ್ತು. ಬಹಳ ಹೊತ್ತಿನ ಮೇಲೆ ಅವರು ಕೇಳಿದರು:

"ಬೂದಿ?"

"ಸಮುದ್ರಕ್ಕೆ ಬಿಟ್ಟೆ ಆಂಟಿ."

"ಎಲ್ಲ?"

"ಎಲ್ಲ. ಡಬ್ಬ ಎರಡು ಸಲ ತೊಳೆದು ಬಿಟ್ಟೆ."

"ಚರಂಡಿಗೆ ಹೋಗ್ಲಿಲ್ಲ ಹಾಗಾದ್ರೆ," ಎಂದರು. ಅದು ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ, ತಮ್ಮನ್ನೋ, ಇವತ್ತಿಗೂ ಗೊತ್ತಿಲ್ಲ. "ನೋಡಿದ್ರೆ ಗೊತ್ತಾಗ್ತದೆ ಅಂತ ನಾನೂ ಹೇಳಬಾರದಿತ್ತು. ಅಷ್ಟು ತಿದ್ದಿದ್ದು ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತದೆ ಅಂದ್ಕೊಂಡೆ." ಆಮೇಲೆ ತಮ್ಮ ಮಾಮೂಲು ದನಿಯಲ್ಲಿ, "ನೆಲದ ಮೇಲೆ ಕೂತ್ರೆ ಬರೀಲಿಕ್ಕೆ ಆಗುದಿಲ್ಲ. ಸ್ಟೂಲ್ ತಕ್ಕೊಂಡು ಬಾ. ಪೆನ್ ಉಂಟಾ?"

ಹೊರಡಲು ಐದು ವಾರ ಉಳಿದಿತ್ತು. ಶುಕ್ರವಾರ, ಶನಿವಾರ ಎರಡೂ ದಿನ ಗಂಡ ನನ್ನನ್ನು ರಿಫಾಕ್ಕೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಆ ಚಳಿಗಾಲ ನಮ್ಮ ಕೋಳಿ ಸುಡುವ ಕಾರ್ಯಕ್ರಮ ಅಲ್ಲಿಗೇ ನಿಂತಿತು, ಅವರು ಒಂದು ಮಾತೂ ಎತ್ತಲಿಲ್ಲ. ಮಗಳು ಪಾರ್ಲರ್ ವಹಿಸಿಕೊಡುವ ಓಡಾಟದಲ್ಲಿ ಹೊರಗೇ ಇರುತ್ತಿದ್ದಳು, ನಾನು ಬರೆಯುತ್ತಿದ್ದ ಪುಸ್ತಕವನ್ನು ಅವಳು ನೋಡಲೇ ಇಲ್ಲ. ಆಂಟಿ ಒಂದೊಂದು ಕತೆಯನ್ನೂ ತಾವು ಕೊನೆಗೆ ತಿದ್ದಿದ ಹಾಗೆ ಹಿಂದಿಯಲ್ಲಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ನನಗೆ ವೇಗವಾಗಿ ಬರೆಯಲು ಬರುವುದು ಅದೊಂದೇ. ಬರೆದದ್ದನ್ನು ಹಿಂದಿಯಲ್ಲಿ ತಿರುಗಿ ಹೇಳಬೇಕಿತ್ತು. ಹೇಳಿದರೆ ಅವರು ತಲೆ ಅಲ್ಲಾಡಿಸುತ್ತಿದ್ದರು. "ಅಲ್ಲ, ಅವಳು ಅಳುದಿಲ್ಲ. ಅಳು ತೆಗಿ." ನಾನು ಹೊಡೆದು ಹಾಕುತ್ತಿದ್ದೆ. ಮರುದಿನ, "ನಿನ್ನೆ ತೆಗೆದದ್ದು ತಪ್ಪಾಯ್ತು, ಸ್ವಲ್ಪ ಅಳ್ತಾಳೆ. ಆದ್ರೆ ಬಾವಿ ಹತ್ರ ಅಲ್ಲ." ಅಂಚಿನಲ್ಲಿ ಸೇರಿಸಿ ಬಾಣ ಹಾಕುತ್ತಿದ್ದೆ. ಎರಡನೆಯ ವಾರದ ಹೊತ್ತಿಗೆ ನನ್ನ ಪುಸ್ತಕದಲ್ಲಿ ಜಾಗ ಸಾಲದೆ ನಾನೂ ಚೀಟಿ ಅಂಟಿಸಲು ಶುರುಮಾಡಿದೆ. ಸುಟ್ಟದ್ದು ಏನೆಂದು ಆಗ ನಿಜವಾಗಿ ತಿಳಿಯಿತು.

ಮೊದಲ ಕತೆಯನ್ನು ಹೇಳುತ್ತೇನೆ. ಅವರ ಜನದಲ್ಲಿ ಹಿರಿಯರು ಸತ್ತರೆ ಹೂತು, ಕೆಲವು ವರ್ಷಗಳ ಮೇಲೆ ಮೂಳೆಗಳನ್ನು ಹೊರತೆಗೆದು ತೊಳೆದು ಮಣ್ಣಿನ ಜಾಡಿಯಲ್ಲಿ ಇಡುವ ಕ್ರಮವಿತ್ತಂತೆ. ಊರು ಬಿಟ್ಟು ಹೋಗುವವರು ಆ ಜಾಡಿಯನ್ನೂ ಹೊತ್ತುಕೊಂಡು ಹೋಗುವುದು. ಕತೆಯಲ್ಲಿ ಒಬ್ಬ ಹೆಂಗಸು ಕೋಲ್ಕತ್ತಾದಲ್ಲಿರುವ ಗಂಡನನ್ನು ಸೇರಲು ಚೀನಾದಿಂದ ಹಡಗು ಹತ್ತಬೇಕು. ಮಾವನ ಮೂಳೆಯ ಜಾಡಿಯನ್ನು ತರಲು ಗಂಡ ಹೇಳಿಕಳಿಸಿದ್ದಾನೆ. ಅವಳ ಹತ್ತಿರ ತವರಿನವರು ಕೊಟ್ಟ ಹೊಲಿಗೆ ಮೆಷಿನ್ ಇದೆ. ಎರಡು ಕೈಗೆ ಒಂದೇ ಹೊರೆ ಸಾಧ್ಯ. ಇಪ್ಪತ್ತೈದರ ಹುಡುಗಿ ಬರೆದ ಕತೆಯಲ್ಲಿ ಅವಳು ಮೆಷಿನ್ ಬಿಟ್ಟು ಜಾಡಿ ತರುತ್ತಾಳೆ, ಕೇರಿಯೇ ಅವಳನ್ನು ಹೊಗಳುತ್ತದೆ. ತಿದ್ದಿದ ಕತೆಯಲ್ಲಿ ಅವಳು ಜಾಡಿಯನ್ನು ಊರಿನ ಒಂದು ಮರದ ಬುಡದಲ್ಲಿ ಹೂತು, ಮೆಷಿನ್ ಹೊತ್ತು ಬರುತ್ತಾಳೆ. ಜಾಡಿ ಹಡಗಿನಲ್ಲಿ ಒಡೆಯಿತೆಂದು ಗಂಡನಿಗೆ ಹೇಳುತ್ತಾಳೆ. ಸುಳ್ಳೆಂದು ಅವನಿಗೆ ಗೊತ್ತು. ಅವನು ಏನೂ ಹೇಳುವುದಿಲ್ಲ. ಚರ್ಮದ ಕೆಲಸ ನಿಂತು ಮನೆಯಲ್ಲಿ ಅಕ್ಕಿಯಿಲ್ಲದ ವರ್ಷಗಳಲ್ಲಿ ಆ ಮೆಷಿನ್ನೇ ಮನೆಯನ್ನು ಸಾಕುತ್ತದೆ. ಹಿರಿಯರಿಗೆ ಎಡೆ ಇಡುವ ಹಬ್ಬ ಬಂದಾಗ ಅವನು ಊದುಬತ್ತಿ ಹಚ್ಚಿ ಹೊಲಿಗೆ ಮೆಷಿನ್ನಿನ ಮುಂದೆ ಇಡುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ.

ಬರೆದು ಮುಗಿಸಿ ನಾನು ಪೆನ್ ಕೆಳಗಿಟ್ಟೆ. ಇದು ಯಾರ ಕತೆ ಆಂಟಿ ಎಂದು ಕೇಳಿದೆ. "ಒಬ್ಬಳದ್ದು," ಎಂದು ಬಿಟ್ಟರು.

ಹೊರಡುವ ಮೂರು ದಿನ ಮುಂಚೆ ಹನ್ನೆರಡೂ ಮುಗಿದವು. ಐವತ್ತು ಪ್ರತಿಗಳೂ ಅಚ್ಚಾಗಿ ಬಂದಿದ್ದವು, ಹುಡುಗಿ ಬರೆದ ಚಂದದ ಕತೆಗಳೊಂದಿಗೇ. ಬೇಡವೆಂದು ಅವರು ಹೇಳಲಿಲ್ಲ. ಅವಳೂ ನಾನೇ ಅಲ್ವಾ, ಅವಳದ್ದೂ ಹೋಗ್ಲಿ ಎಂದರು. ನಾನು ನನ್ನ ಕನ್ನಡದ ಕತೆಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ, ಒಳ್ಳೆಯ ಕಾಗದದಲ್ಲಿ ತೆಗೆದು, ರಟ್ಟು ಹಾಕಿಸಿ ಕೊಂಡೊಯ್ದಿದ್ದೆ. ಜೊತೆಗೆ ನಾನು ಗೀಚಿದ ಮೂಲ ಪುಸ್ತಕವೂ ಚೀಲದಲ್ಲಿತ್ತು. ಎರಡನ್ನೂ ಅವರ ಕೈಗೆ ಕೊಟ್ಟೆ.

ಅವರು ಓದಲಾರರು. ಕಣ್ಣಿದ್ದರೂ ಓದಲಾರರು. ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು, ಬೆರಳಿನಿಂದ ಸವರಿದರು. ರಟ್ಟು ಹಾಕಿದ ಚೊಕ್ಕ ಪುಸ್ತಕವನ್ನು ನನಗೆ ವಾಪಸು ಕೊಟ್ಟರು. ಗೀಚಿದ್ದನ್ನು, ಉಬ್ಬಿದ ಚೀಟಿಗಳ ಮೇಲೆ ಅಂಗೈಯಿಟ್ಟು, ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

"ಇದು ನಂದು," ಎಂದರು.

ವಿಮಾನ ನಿಲ್ದಾಣಕ್ಕೆ ನಾವಿಬ್ಬರೂ ಹೋಗಿದ್ದೆವು. ನನ್ನ ಮುಖ ಕಾಣಿಸದು ಎಂದು ಅವರು ಕೈಯಿಂದ ಮುಟ್ಟಿ ನೋಡಿದರು. ಗಂಡನ ಕಡೆ ತಿರುಗಿ, ಇವಳಿಗೆ ಕೋಪ ಜಾಸ್ತಿ ಅಲ್ವಾ ಎಂದು ಕೇಳಿದರು. ಅವರು ಸಂತೋಷದಿಂದ ಹೌದೆಂದರು.

ಅಲ್ಲಿಯ ಎರಡನೆಯ ಚಳಿಗಾಲದಲ್ಲಿ ಆಂಟಿ ತೀರಿಹೋದರು. ಮಗಳು ಎರಡು ಸಾಲಿನಲ್ಲಿ ತಿಳಿಸಿದ್ದಳು. ಆ ದಿನ ಪ್ರೆಸ್ಸಿಗೆ ಹೋಗಲಿಲ್ಲ, ಮನೆಯಲ್ಲೇ ಕೂತು ಅತ್ತೆ. ಟೊರೊಂಟೋದ ಮುದುಕಿಯರು ನಾವು ಅಚ್ಚು ಹಾಕಿದ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದ್ದಾರೆಂದು, ಕತೆಗಳು ಚೆನ್ನಾಗಿವೆ ಆದರೆ ಬಹಳ ಸಿಹಿ ಎಂದು ಒಬ್ಬರು ಹೇಳಿದ್ದಾರೆಂದು ಹಿಂದೊಮ್ಮೆ ಕೇಳಿದ್ದೆ. ಆಂಟಿ ಅದಕ್ಕೆ ನಕ್ಕಿದ್ದರಂತೆ.

ಅವರು ಹೋಗಿ ತಿಂಗಳಾದ ಮೇಲೆ, ಒಂದು ಸಂಜೆ ಪ್ರೆಸ್ಸಿನಿಂದ ಹೊರಡುವಾಗ ಮಗಳ ಮೆಸೇಜು ಬಂತು, ಜೊತೆಗೊಂದು ಫೋಟೋ. ಅಮ್ಮನ ಕಪಾಟು ಖಾಲಿ ಮಾಡುತ್ತಿದ್ದೇನೆ ಎಂದು ಬರೆದಿದ್ದಳು. ಬೇಡದ ಕಾಗದಗಳನ್ನು ಅಮ್ಮ ಹೇಳಿದ ಹಾಗೆ ನಾಳೆ ಸುಡುತ್ತೇವೆ. ಅದರಲ್ಲಿ ಈ ಪುಸ್ತಕ ಸಿಕ್ಕಿತು. ಚೀನೀ ಅಲ್ಲ, ಯಾವ ಲಿಪಿಯೋ ಗೊತ್ತಾಗಲಿಲ್ಲ, ಪೂರ್ತಿ ಹೊಡೆದು ಗೀಚಿ ಹಾಕಿದೆ, ಉಪಯೋಗಕ್ಕೆ ಬರುವ ಹಾಗಿಲ್ಲ. ನಿಮ್ಮ ಭಾಷೆ ಇರಬಹುದೇ ಅಂತ ಅನುಮಾನ. ಇದನ್ನೂ ಸುಡಬಹುದಾ?

ನಾನು ಗ್ಯಾರೇಜಿನ ಮುಂದಿನ ಮೆಟ್ಟಿಲ ಮೇಲೆ ಕುಸಿದು ಕೂತೆ. ಫೋಟೋದಲ್ಲಿ ನನ್ನ ಅಕ್ಷರ, ನನ್ನ ಬಾಣ, ನನ್ನ ಚೀಟಿ. ಅವಳೂ ನನ್ನ ಹಾಗೇ ನೋಡಿ ತೀರ್ಮಾನಿಸಿದ್ದಳು. ಆದರೆ ಅವಳು ಕೇಳಿದ್ದಳು. ನಾನು ಕೇಳಿರಲಿಲ್ಲ.

ಸುಡಬೇಡ, ಅದೇ ನಿನ್ನ ಅಮ್ಮನ ಪುಸ್ತಕ, ಎಂದು ಬರೆದೆ. ಮರುಕ್ಷಣ ಫೋನ್ ಬಂತು. ಕರೆದುಕೊಂಡು ಹೋಗಲು ಬಂದಿದ್ದ ಗಂಡನಿಗೆ ಕಾಯಲು ಸನ್ನೆ ಮಾಡಿ, ಪ್ರೆಸ್ಸಿನೊಳಗೆ ಹೋಗಿ ನನ್ನ ಮೇಜಿನ ಡ್ರಾಯರಿನಲ್ಲಿ ಸದಾ ಇರುವ ಚೊಕ್ಕ ಪ್ರತಿಯನ್ನು ತಂದು ಮೊದಲ ಪುಟ ತೆರೆದೆ. ಕನ್ನಡ ನೋಡುತ್ತ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಹಡಗು, ಜಾಡಿ, ಮರದ ಬುಡ, ಮೆಷಿನ್ ಹೊತ್ತು ಬಂದ ಹೆಂಗಸು. ಊದುಬತ್ತಿಯ ಜಾಗಕ್ಕೆ ಬಂದಾಗ ಅವಳು ನನ್ನನ್ನು ತಡೆದಳು.

"ನಮ್ಮ ಮನೆಯಲ್ಲೂ ಹಚ್ತಿದ್ರು," ಎಂದಳು ಅವಳು. "ಅಜ್ಜಿಯ ಹೊಲಿಗೆ ಮೆಷಿನ್ನಿಗೆ, ಪ್ರತಿ ವರ್ಷ. ನಾನು ಯಾಕೆ ಅಂತ ಒಮ್ಮೆಯೂ ಕೇಳ್ಲಿಲ್ಲ."

ಆಮೇಲೆ ಅವಳು, ಪುಸ್ತಕ ತನ್ನ ಕೈಯಲ್ಲೇ ಇದೆ, ಆ ಸಾಲು ಎಲ್ಲಿದೆ, ಯಾವ ಪುಟ ಎಂದು ಕೇಳಿದಳು. ಒಂಬತ್ತನೆಯ ಪುಟ, ಎರಡು ಚೀಟಿಯ ಕೆಳಗೆ ಎಂದೆ.